ದೇಹದರ್ಶನದ ಬೆಲೆಯೂ ಮೌಲ್ಯವೂ
(ಕ್ಷಕಿರಣ ಮೊದಲಾದ ಚಿತ್ರಣ ವಿಧಾನಗಳನ್ನು ಕುರಿತ ಒಂದು ಪರಿಶೀಲನೆ)

ಬೆಲೆ ಎಂಬ ಮಾತಿಗೂ ಮೌಲ್ಯವೆಂಬ ಮಾತಿಗೂ ನಿಘಂಟುಗಳು ಹತ್ತಿರದ ಅರ್ಥವನ್ನೇ ಹೇಳುತ್ತವೆ. ವ್ಯವಹಾರದಲ್ಲಾದರೋ ಇವೆರಡರ ನಡುವಣ ಅಂತರ ದೊಡ್ಡದು. ಕೊಳ್ಳುವವನು ಕೊಡುವುದು ಬೆಲೆ. ಕೊಂಡದ್ದರಿಂದ ಅವನಿಗೊದಗುವ ಹಿತವೇ ಮೌಲ್ಯ. ಬಿತ್ತನೆಯ ಬೀಜದ ಬೆಲೆ ಸಂತೆಯಲ್ಲಿ ತಿಳಿಯುತ್ತದೆ, ಮೌಲ್ಯ ಸುಗ್ಗಿಯಲ್ಲಿ ತಿಳಿಯುತ್ತದೆ. ಈ ವಿವೇಚನೆ ಇಂದು ಅತ್ಯವಶ್ಯವಾಗಿರುವ ಕ್ಷೇತ್ರಗಳಲ್ಲಿ ವೈದ್ಯಕೀಯ ಚಿತ್ರಣವೂ ಒಂದು. ಎಕ್ಸ್-ರೇ, ಸ್ಕ್ಯಾನಿಂಗ್, ಸಿ.ಟಿ., ಎಂ.ಆರ್.ಐ. ಎಂಬ ಹೆಸರುಗಳು ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯ ಮಾತುಗಳಾಗಿವೆ. ಅವುಗಳಿಗೆ ತೆರುವ ಹಣದ ಲೆಕ್ಕ ಪ್ರತಿಯೊಂದು ಮನೆಗೂ ಗೊತ್ತು. ಆದರೆ ಆ ಹಣದಿಂದ ರೋಗಿಗೆ ದೊರೆತ ಹಿತವೆಷ್ಟು ಎಂಬ ಲೆಕ್ಕವನ್ನು ಕೇಳುವವರು ವಿರಳ.

ರೋಗಿಯನ್ನು ಪರೀಕ್ಷಿಸುವ ಬಗೆ ಮೂರು: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು ಎಂಬ ಈ ತ್ರಿವಿಧ ಪರೀಕ್ಷೆಯನ್ನು ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಕನ್ನಡಕ್ಕೂ ಈ ಶಾಸ್ತ್ರ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದನು. ಆಧುನಿಕ ಚಿತ್ರಣ ವಿಧಾನಗಳು ಈ ಮೂರರ ಪೈಕಿ ದರ್ಶನವನ್ನು ಮಾತ್ರ ವಿಸ್ತರಿಸಿವೆ. ಚರ್ಮದ ಮೇಲೆ ನಿಂತುಹೋಗುತ್ತಿದ್ದ ದೃಷ್ಟಿ ಮೂಳೆಯವರೆಗೆ, ಮಿದುಳಿನವರೆಗೆ, ಗರ್ಭದವರೆಗೆ ಚಾಚಿದೆ. ಸ್ಪರ್ಶನ ಮತ್ತು ಪ್ರಶ್ನಗಳ ಕೆಲಸ ಉಳಿದೇ ಇದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

೧. ಹೆಸರು ಮತ್ತು ಹುಟ್ಟು

೧೮೯೫ರ ನವೆಂಬರ್ ೮ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್ಜೆನ್ ಎಂಬ ಭೌತವಿಜ್ಞಾನಿ ಅಜ್ಞಾತ ಕಿರಣವೊಂದನ್ನು ಕಂಡನು. ಬೀಜಗಣಿತದಲ್ಲಿ ತಿಳಿಯದ ಪರಿಮಾಣಕ್ಕೆ ಇಡುವ ಅಕ್ಷರವನ್ನೇ ಅವನು ಆ ಕಿರಣಕ್ಕೆ ಹೆಸರಾಗಿ ಇಟ್ಟನು. ಕನ್ನಡದ ಗಣಿತ ಪಾಠಗಳಲ್ಲಿ ಅಜ್ಞಾತ ಪರಿಮಾಣವನ್ನು ‘ಕ್ಷ’ ಎಂದು ಬರೆಯುವ ರೂಢಿಯಿದ್ದುದರಿಂದ ಅದು ನಮ್ಮಲ್ಲಿ ‘ಕ್ಷಕಿರಣ’ವಾಯಿತು. ಅಕ್ಷರವನ್ನು ಎರವಲು ಪಡೆಯದೆ ಅರ್ಥವನ್ನು ತಂದುಕೊಂಡ ಈ ಪದ ಕನ್ನಡದ ಪಾರಿಭಾಷಿಕ ಶಬ್ದಗಳಲ್ಲಿ ಸೊಗಸಾದ ಒಂದು. ರಾಂಟ್ಜೆನ್‌ಗೆ ೧೯೦೧ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಪಾರಿತೋಷಕ ದೊರೆಯಿತು.

ಕ್ಷಕಿರಣವು ಮಾಂಸವನ್ನು ಸುಲಭವಾಗಿ ದಾಟುತ್ತದೆ, ಸುಣ್ಣದ ಅಂಶವುಳ್ಳ ಮೂಳೆಯಲ್ಲಿ ತಡೆಯಲ್ಪಡುತ್ತದೆ. ಆದುದರಿಂದ ಫಲಕದ ಮೇಲೆ ಬೀಳುವುದು ನೆರಳು. ಉದ್ದ, ಅಗಲ, ಆಳಗಳೆಲ್ಲ ಒಂದೇ ಸಮತಲಕ್ಕೆ ಕುಸಿದು ಒಂದರ ಮೇಲೊಂದು ಬೀಳುವುದು ಈ ನೆರಳಿನ ಮಿತಿ. ಈ ಮಿತಿಯನ್ನು ದಾಟಿದವನು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ದೇಹದ ಸುತ್ತ ನಾನಾ ಕೋನಗಳಿಂದ ಕ್ಷಕಿರಣವನ್ನು ಹಾಯಿಸಿ, ಬಂದ ಅಳತೆಗಳನ್ನು ಗಣಕಯಂತ್ರದಿಂದ ಲೆಕ್ಕಹಾಕಿ, ದೇಹದ ಅಡ್ಡಛೇದವನ್ನು ಹೋಳುಹೋಳಾಗಿ ತೋರಿಸುವ ಸಿ.ಟಿ. ಯಂತ್ರವನ್ನು ಅವನು ನಿರ್ಮಿಸಿದನು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ದೊರೆಯಿತು. ೧೯೭೯ರಲ್ಲಿ ಅವನೂ ಅಲನ್ ಕಾರ್ಮ್ಯಾಕನೂ ವೈದ್ಯಕೀಯದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಜನರು ಸಾಮಾನ್ಯವಾಗಿ ‘ಸ್ಕ್ಯಾನಿಂಗ್’ ಎಂದು ಕರೆಯುವುದು ಶ್ರವಣಾತೀತ ಧ್ವನಿಯ ಪರೀಕ್ಷೆಯನ್ನು. ಬಾವಿಯಲ್ಲಿ ಕೂಗಿದ ಕೂಗು ಮರಳಿ ಬರುವಂತೆ, ಕಿವಿಗೆ ಕೇಳಿಸದ ಧ್ವನಿ ಅಂಗಾಂಗಗಳಿಗೆ ತಾಗಿ ಮರಳಿ ಬರುವುದನ್ನು ಈ ಯಂತ್ರವು ಚಿತ್ರವಾಗಿ ಮಾರ್ಪಡಿಸುತ್ತದೆ. ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ೧೯೫೮ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನಕ್ಕೆ ದಾರಿಮಾಡಿತು. ಇದರಲ್ಲಿ ಕ್ಷಕಿರಣದ ಸೋಂಕಿಲ್ಲ. ಎಂ.ಆರ್.ಐ. ಯಂತ್ರದಲ್ಲಿಯೂ ಕ್ಷಕಿರಣವಿಲ್ಲ, ಪ್ರಬಲ ಕಾಂತಕ್ಷೇತ್ರದಲ್ಲಿ ದೇಹದೊಳಗಿನ ಜಲಜನಕದ ಪರಮಾಣುಗಳು ರೇಡಿಯೋ ತರಂಗಗಳಿಗೆ ತೋರುವ ಪ್ರತಿಕ್ರಿಯೆಯೇ ಅಲ್ಲಿ ಚಿತ್ರವಾಗುತ್ತದೆ. ಇದರ ಆವಿಷ್ಕಾರಕ್ಕಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನರ, ಮಿದುಳು, ಬೆನ್ನುಹುರಿ, ಕೀಲುಗಳ ಮೃದುಭಾಗಗಳನ್ನು ತೋರಿಸುವುದರಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ಆದರೆ ಯಂತ್ರದ ಬೆಲೆ ಕೋಟಿಗಳಲ್ಲಿದೆ.

೨. ಮೌಲ್ಯವನ್ನು ಅಳೆಯುವ ಆರು ಮೆಟ್ಟಿಲು

ಚಿತ್ರವೊಂದರ ಮೌಲ್ಯವನ್ನು ಅಳೆಯುವುದು ಹೇಗೆ? ಅಮೆರಿಕದ ಡೆನಿಸ್ ಫ್ರೈಬ್ಯಾಕ್ ಮತ್ತು ಜಾನ್ ಥಾರ್ನ್‌ಬರಿ ಎಂಬ ವಿದ್ವಾಂಸರು ೧೯೯೧ರಲ್ಲಿ ಇದಕ್ಕೆ ಆರು ಮೆಟ್ಟಿಲುಗಳ ಕ್ರಮವೊಂದನ್ನು ಹೇಳಿದರು. ಆರು ಸ್ಥಲಗಳ ಆರೋಹಣವನ್ನು ಬಲ್ಲ ನಮ್ಮ ಓದುಗರಿಗೆ ಮೆಟ್ಟಿಲ ಕಲ್ಪನೆ ಅಪರಿಚಿತವಲ್ಲ. ವಿಷಯ ಮಾತ್ರ ಬೇರೆ.

ಮೊದಲನೆಯ ಮೆಟ್ಟಿಲು ಚಿತ್ರದ ಸ್ಪಷ್ಟತೆ. ಎರಡನೆಯದು ನಿಖರತೆ: ರೋಗವಿದ್ದವರಲ್ಲಿ ಇದೆಯೆಂದೂ, ಇಲ್ಲದವರಲ್ಲಿ ಇಲ್ಲವೆಂದೂ ಚಿತ್ರವು ಹೇಳುತ್ತದೆಯೇ? ಮೂರನೆಯದು, ಚಿತ್ರವನ್ನು ನೋಡಿದ ಮೇಲೆ ವೈದ್ಯನ ಆಲೋಚನೆ ಬದಲಾಯಿತೇ ಎಂಬುದು. ನಾಲ್ಕನೆಯದು, ಚಿಕಿತ್ಸೆ ಬದಲಾಯಿತೇ ಎಂಬುದು. ಐದನೆಯದು, ರೋಗಿಗೆ ಅದರಿಂದ ಗುಣವಾಯಿತೇ, ಆಯುಷ್ಯವೋ ಸುಖವೋ ಹೆಚ್ಚಿತೇ ಎಂಬುದು. ಆರನೆಯದು, ಸಮಾಜವು ತೆತ್ತ ವೆಚ್ಚಕ್ಕೆ ತಕ್ಕ ಫಲ ಸಮಾಜಕ್ಕೆ ದೊರೆಯಿತೇ ಎಂಬುದು.

ಕೆಳಗಿನ ಮೆಟ್ಟಿಲನ್ನು ಏರದೆ ಮೇಲಿನದನ್ನು ಮುಟ್ಟಲಾಗದು. ಆದರೆ ಕೆಳಗಿನದನ್ನು ಏರಿದ ಮಾತ್ರಕ್ಕೆ ಮೇಲಿನದು ತಾನಾಗಿ ಒದಗುವುದೂ ಇಲ್ಲ. ಯಂತ್ರ ಮಾರುವವರು ಬಣ್ಣಿಸುವುದು ಬಹುಮಟ್ಟಿಗೆ ಮೊದಲೆರಡು ಮೆಟ್ಟಿಲುಗಳನ್ನು. ರೋಗಿಗೆ ಬೇಕಾದುದು ಐದನೆಯದು. ನಾಡಿನ ಬೊಕ್ಕಸವೂ ದಾನಿಯ ಕೈಯೂ ನೋಡಬೇಕಾದುದು ಆರನೆಯದು. ಅತ್ಯಂತ ಸ್ಪಷ್ಟವಾದ ಚಿತ್ರವೊಂದು ವೈದ್ಯನಿಗೆ ಮೊದಲೇ ಗೊತ್ತಿದ್ದುದನ್ನೇ ಮರಳಿ ಹೇಳಿ, ಕೊಡುತ್ತಿದ್ದ ಔಷಧವನ್ನೇ ಮುಂದುವರಿಸುವಂತೆ ಮಾಡಿದರೆ ಅದು ಎರಡನೆಯ ಮೆಟ್ಟಿಲಲ್ಲೇ ನಿಂತುಹೋಯಿತೆಂದು ತಿಳಿಯಬೇಕು.

ಮೆಟ್ಟಿಲೇರುವ ಮೊದಲು ಕೈಯಿಂದ ಮುಟ್ಟಿ ನೋಡುವುದು ಎಷ್ಟು ಲಾಭಕರವೆಂಬುದಕ್ಕೆ ಕೆನಡಾ ದೇಶದ ಒಂದು ಉದಾಹರಣೆಯಿದೆ. ಕಾಲು ಉಳುಕಿದವರಿಗೆಲ್ಲ ಎಕ್ಸ್-ರೇ ತೆಗೆಸುವ ರೂಢಿ ಅಲ್ಲಿ ಇತ್ತು. ೧೯೯೨ರಲ್ಲಿ ಒಟ್ಟಾವಾ ನಗರದ ವೈದ್ಯರು ಸರಳವಾದ ನಿಯಮವನ್ನು ರೂಪಿಸಿದರು. ಹರಡಿನ ಸುತ್ತ ಗೊತ್ತಾದ ಕೆಲವು ಎಲುಬಿನ ಜಾಗಗಳನ್ನು ಒತ್ತಿ ನೋಡಬೇಕು. ರೋಗಿ ನಾಲ್ಕು ಹೆಜ್ಜೆ ನಡೆಯಬಲ್ಲನೇ ಎಂದು ಪರೀಕ್ಷಿಸಬೇಕು. ಒತ್ತಿದಲ್ಲಿ ನೋವಿಲ್ಲದೆ, ನಡೆಯಲು ಶಕ್ತನಾದರೆ ಎಕ್ಸ್-ರೇ ಬೇಕಿಲ್ಲ. ಈ ನಿಯಮದಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಚಿತ್ರಗಳು ಉಳಿದವು. ಮುರಿದ ಮೂಳೆ ಕಣ್ತಪ್ಪಿದ್ದು ತೀರ ಅಪರೂಪ. ದರ್ಶನ ಬೇಕೋ ಬೇಡವೋ ಎಂಬುದನ್ನು ಸ್ಪರ್ಶನವೇ ನಿರ್ಣಯಿಸಿದ ಉದಾಹರಣೆಯಿದು.

೩. ಕನ್ನಡನಾಡು ಕೊಟ್ಟ ಪಾಠ: ಕ್ಷಯ ಮತ್ತು ಕ್ಷಕಿರಣ

ಚಿತ್ರಣದ ವೆಚ್ಚ ಮತ್ತು ಫಲಗಳನ್ನು ತೂಗಿ ನೋಡಿದ ಮಹತ್ತ್ವದ ಪ್ರಯತ್ನವೊಂದು ನಮ್ಮ ರಾಜ್ಯದಲ್ಲಿಯೇ ನಡೆಯಿತು. ೧೯೫೫ರಿಂದ ೧೯೫೮ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಚಿಕ್ಕ ಫಿಲ್ಮುಗಳ ಮೇಲೆ ಸಾಮೂಹಿಕವಾಗಿ ಎದೆಯ ಚಿತ್ರ ತೆಗೆಯುವ ಯಂತ್ರಗಳಿಂದ ದೇಶದಲ್ಲಿ ಕ್ಷಯರೋಗದ ಸಮೀಕ್ಷೆ ಮಾಡಿತು. ಕ್ಷಯವು ಪಟ್ಟಣಗಳ ರೋಗವೆಂಬ ನಂಬಿಕೆ ಆಗ ಸುಳ್ಳಾಯಿತು. ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಹಾಗಾದರೆ ಊರೂರಿಗೂ ಕ್ಷಕಿರಣದ ಗಾಡಿಯನ್ನು ಒಯ್ದು ಜನರೆಲ್ಲರ ಎದೆಯನ್ನು ನೋಡಬೇಕೇ? ಶ್ರೀಮಂತ ದೇಶಗಳು ಆಗ ಹಿಡಿದಿದ್ದ ಮಾರ್ಗ ಅದೇ.

೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅದರ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳ ಮನೆಗೆ ಹೋಗಿ, ನಿಮಗೇನು ತೊಂದರೆ, ಎಲ್ಲಿಗೆ ಹೋಗಿದ್ದಿರಿ ಎಂದು ವಿಚಾರಿಸಿದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ೧೯೬೩ರಲ್ಲಿ ಪ್ರಕಟಿಸಿದ ವರದಿ ಅಚ್ಚರಿಯನ್ನುಂಟುಮಾಡಿತು. ರೋಗಿಗಳಲ್ಲಿ ಬಹುಪಾಲು ಜನ ತಮ್ಮ ಲಕ್ಷಣಗಳನ್ನು ಬಲ್ಲವರಾಗಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದವರು. ರೋಗಿ ಬಾಗಿಲಿಗೆ ಬಂದಿದ್ದರೂ ಗುರುತಿಸುವವರಿರಲಿಲ್ಲ. ಬಂದವನನ್ನು ಗುರುತಿಸಲಾಗದೆ, ಬಾರದವನನ್ನು ಹುಡುಕಲು ದುಬಾರಿ ಯಂತ್ರವನ್ನು ಕಳಿಸುವುದು ವಿವೇಕವಲ್ಲವೆಂದು ತಜ್ಞರು ತೀರ್ಮಾನಿಸಿದರು. ೧೯೬೨ರಿಂದ ಆರಂಭವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ಬಹುದಿನದ ಕೆಮ್ಮುಳ್ಳವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಅಗ್ಗದ ವಿಧಾನವನ್ನು ಸಾಮಾನ್ಯ ಆಸ್ಪತ್ರೆಗಳಿಗೆ ತಂದಿತು. ವಿದ್ಯುತ್ತೂ ಫಿಲ್ಮೂ ತಂತ್ರಜ್ಞರೂ ದುರ್ಲಭವಾಗಿದ್ದ ಕಾಲಕ್ಕೆ ಅದು ಸರಿಯಾದ ನಿರ್ಧಾರವೇ ಆಗಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳನ್ನು ಕೇಳುವುದರ ಜೊತೆಗೆ ಎದೆಯ ಎಕ್ಸ್-ರೇಯನ್ನೂ ತೆಗೆಯಲಾಯಿತು. ದೃಢಪಟ್ಟ ರೋಗಿಗಳಲ್ಲಿ ಶೇಕಡಾ ೪೨.೬ರಷ್ಟು ಮಂದಿ, ಎಕ್ಸ್-ರೇ ಇಲ್ಲದಿದ್ದರೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಯಂತ್ರವೂ ಬದಲಾಗಿತ್ತು. ಗಾಡಿ ತುಂಬ ಹೊತ್ತೊಯ್ಯಬೇಕಾಗಿದ್ದುದು ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಿಂದ ನಡೆಯುತ್ತದೆ, ಫಿಲ್ಮು ಬೇಡ. ಚಿತ್ರದಲ್ಲಿ ಸಂದೇಹದ ಕಲೆಯಿದೆಯೇ ಎಂದು ಗಣಕಯಂತ್ರವೇ ಮೊದಲು ಸೂಚಿಸಬಲ್ಲದು. ಹದಿನೈದು ವರ್ಷ ಮೀರಿದವರಲ್ಲಿ ಈ ವಿಧಾನವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಒಪ್ಪಿತು. ೨೦೨೪ರ ಡಿಸೆಂಬರ್ ೭ರಂದು ದೇಶದಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಇಂತಹ ಯಂತ್ರಗಳು ಹಳ್ಳಿಗಳಿಗೆ ಹೋದವು. ಎಕ್ಸ್-ರೇ ಸಂದೇಹವನ್ನಷ್ಟೇ ಹುಟ್ಟಿಸುತ್ತದೆ. ರೋಗವನ್ನು ಸ್ಥಿರಪಡಿಸಲು ಕಫದ ಪರೀಕ್ಷೆ ಈಗಲೂ ಬೇಕು.

೧೯೬೨ರಲ್ಲಿ ಕ್ಷಕಿರಣವನ್ನು ಹಿಂದಿಟ್ಟುದೂ ಸರಿ, ಈಗ ಮುಂದಕ್ಕೆ ತಂದುದೂ ಸರಿ. ಅಂದು ಬಾಗಿಲಿಗೆ ಬಂದವರನ್ನು ಗುರುತಿಸುವುದೇ ಮೊದಲ ಕರ್ತವ್ಯವಾಗಿತ್ತು; ಇಂದು ಬಾರದವರನ್ನು ಅರಸುವುದು ಕರ್ತವ್ಯವಾಗಿದೆ. ಒಂದು ಪರೀಕ್ಷೆಯ ಮೌಲ್ಯವು ದೇಶ, ಕಾಲ, ಪಾತ್ರಗಳನ್ನು ಅವಲಂಬಿಸಿರುತ್ತದೆಂಬುದು ಇದರಿಂದ ಸ್ಪಷ್ಟ.

೪. ಮೂರು ತಾಲೂಕುಗಳ ನೆಲ ಮತ್ತು ರೋಗ

ಇನ್ನು ಈ ಭಾಗದ ಸ್ಥಿತಿಯನ್ನು ನೋಡೋಣ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬತ್ತದ ಕಣಜವಾದ ಊರು. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಹಿಂದೆ ಲಿಂಗಸುಗೂರಿಗೆ ಸೇರಿದ್ದ ಮಸ್ಕಿ ಈಗ ತಾನೇ ತಾಲೂಕು ಕೇಂದ್ರವಾಗಿದೆ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ೧೫೦ಎ ಈ ಮೂರೂ ಊರುಗಳನ್ನು ಪೋಣಿಸಿದೆ. ಜಿಲ್ಲಾ ಕೇಂದ್ರವಾದ ರಾಯಚೂರು ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಸುಮಾರು ಎಂಬತ್ತು-ತೊಂಬತ್ತು ಕಿಲೋಮೀಟರು ದೂರ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿ ೨೦೦೨ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ತಾಲೂಕುಗಳನ್ನು ಅಳೆದ ಸೂಚಕಗಳಲ್ಲಿ ಆರೋಗ್ಯ ಸೌಲಭ್ಯಗಳೂ ಸೇರಿದ್ದವು. ದೂರವೂ ಕೊರತೆಯೂ ಕೂಡಿದಲ್ಲಿ ಯಾವ ಪರೀಕ್ಷೆ ಎಲ್ಲಿ ಇರಬೇಕೆಂಬ ಪ್ರಶ್ನೆ ತೀವ್ರವಾಗುತ್ತದೆ.

ಮೊದಲು ಗಣಿಯ ರೋಗ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ವರ್ಷಗಟ್ಟಲೆ ಪುಪ್ಪುಸದಲ್ಲಿ ನಿಂತು ಸಿಲಿಕೋಸಿಸ್ ಎಂಬ ರೋಗವನ್ನುಂಟುಮಾಡುತ್ತದೆ. ಇದನ್ನು ವಾಸಿಮಾಡುವ ಔಷಧವಿಲ್ಲ. ವಾಸಿಯಾಗದ ರೋಗಕ್ಕೆ ಚಿತ್ರವೇಕೆ ಎಂದು ಕೇಳಬಹುದು. ರೋಗದ ಆರಂಭದ ಚುಕ್ಕೆಗಳು ಎದೆಯ ಎಕ್ಸ್-ರೇಯಲ್ಲಿ ಕಂಡೊಡನೆ ಕಾರ್ಮಿಕನನ್ನು ಧೂಳಿನ ಕೆಲಸದಿಂದ ಬಿಡಿಸಬಹುದು. ಸಿಲಿಕೋಸಿಸ್ ಇದ್ದವರನ್ನು ಸುಲಭವಾಗಿ ಹಿಡಿಯುವ ಕ್ಷಯವನ್ನು ಬೇಗ ಗುರುತಿಸಬಹುದು. ಪರಿಹಾರಕ್ಕೆ ಆಧಾರವೂ ದೊರೆಯುತ್ತದೆ. ಆದುದರಿಂದಲೇ ೧೯೫೫ರ ಗಣಿ ನಿಯಮಗಳು ಕೆಲಸಕ್ಕೆ ಸೇರುವಾಗಲೂ ನಿಯತಕಾಲಕ್ಕೊಮ್ಮೆಯೂ ವೈದ್ಯಕೀಯ ಪರೀಕ್ಷೆಯನ್ನು ವಿಧಿಸಿದವು. ಎದೆಯ ಚಿತ್ರ ಅದರ ಮುಖ್ಯ ಅಂಗ. ಈ ಚಿತ್ರದ ವೆಚ್ಚ ಅತ್ಯಲ್ಪ. ಇಲ್ಲಿ ಹಳೆಯ ಚಿತ್ರಗಳನ್ನು ಕಾದಿರಿಸುವುದು ಹೊಸ ಚಿತ್ರ ತೆಗೆಯುವಷ್ಟೇ ಮುಖ್ಯ. ಹಿಂದಿನದರ ಪಕ್ಕಕ್ಕೆ ಇಟ್ಟಾಗಲೇ ಬದಲಾವಣೆ ಗೋಚರವಾಗುವುದು.

ಎರಡನೆಯದು ನೀರಿನ ರೋಗ. ರಾಯಚೂರು ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಲ್ಲಿ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದವರ ಬೆನ್ನು ಬಿಗಿದು, ಕೀಲುಗಳು ಮಡಿಸಲಾರದಂತಾಗುತ್ತವೆ. ನಮ್ಮ ದೇಶದಲ್ಲಿ ಈ ಅಸ್ಥಿರೋಗವನ್ನು ಮೊದಲು ವರ್ಣಿಸಿದ್ದು ೧೯೩೭ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಬೆನ್ನುನೋವೆಂದು ಬಂದ ರೈತನಿಗೆ ದೂರದ ನಗರದಲ್ಲಿ ಎಂ.ಆರ್.ಐ. ಮಾಡಿಸಬಹುದು. ಅದಕ್ಕೆ ಮೊದಲು ಮೊಣಕೈ ಕೆಳಗಿನ ಭಾಗದ ಒಂದು ಸಾದಾ ಎಕ್ಸ್-ರೇ ತೆಗೆದರೆ, ಅಲ್ಲಿಯ ಎರಡು ಎಲುಬುಗಳ ನಡುವಣ ಪೊರೆಯಲ್ಲಿ ಸುಣ್ಣಗಟ್ಟಿರುವುದು ಕಾಣಬಹುದು. ಅದು ಫ್ಲೋರೋಸಿಸ್ಸಿನ ಪ್ರಬಲ ಲಕ್ಷಣ. ಇದಕ್ಕೆ ಮದ್ದಿಗಿಂತ ಮುಖ್ಯವಾದುದು ನೀರನ್ನು ಬದಲಿಸುವುದು. ಒಬ್ಬನ ಕೈಯ ಚಿತ್ರ ಇಡೀ ಓಣಿಯ ಕೊಳವೆಬಾವಿಯ ದೋಷವನ್ನು ಹೇಳುತ್ತದೆ. ಕೆಲವೇ ನೂರು ರೂಪಾಯಿಗಳ ಚಿತ್ರವೊಂದು ಮೊದಲ ಮೆಟ್ಟಿಲಿನಿಂದ ಆರನೆಯ ಮೆಟ್ಟಿಲಿಗೆ ನೇರವಾಗಿ ಏರುವುದನ್ನು ಇಲ್ಲಿ ಕಾಣಬಹುದು.

ಮೂರನೆಯದು ಕಾಲದೊಡನೆ ಸ್ಪರ್ಧಿಸುವ ರೋಗಗಳು. ಹೆದ್ದಾರಿಯ ಅಪಘಾತದಲ್ಲಿ ತಲೆಗೆ ಪೆಟ್ಟಾದವನು ಒಬ್ಬ. ಇದ್ದಕ್ಕಿದ್ದಂತೆ ಲಕ್ವ ಹೊಡೆದು ಅರ್ಧಾಂಗ ಸ್ವಾಧೀನ ತಪ್ಪಿದವನು ಇನ್ನೊಬ್ಬ. ಲಕ್ವಕ್ಕೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದುದು ಕಾರಣವಾಗಿರಬಹುದು, ನಾಳವೊಡೆದು ಸ್ರಾವವಾದುದೂ ಕಾರಣವಾಗಿರಬಹುದು. ಹೆಪ್ಪನ್ನು ಕರಗಿಸುವ ಮದ್ದು ಮೊದಲನೆಯವನಿಗೆ ಅಮೃತ, ಎರಡನೆಯವನಿಗೆ ವಿಷ. ಹೊರಗಿನಿಂದ ನೋಡಿ ಇವನ್ನು ಬೇರ್ಪಡಿಸುವುದು ನಂಬಿಕೆಗೆ ಅರ್ಹವಲ್ಲ, ಸಿ.ಟಿ. ಚಿತ್ರವು ನಿಮಿಷಗಳಲ್ಲಿ ಬೇರ್ಪಡಿಸುತ್ತದೆ. ಆ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೊಂಬತ್ತು ಕಿಲೋಮೀಟರಿನ ದಾರಿ, ವಾಹನ ಹುಡುಕುವ ವಿಳಂಬ, ಮೊದಲು ನಾಟಿ ಔಷಧಕ್ಕೆಂದು ಕಳೆದ ಹೊತ್ತು, ಇವೆಲ್ಲ ಕೂಡಿದರೆ ನಾಲ್ಕೂವರೆ ಗಂಟೆ ಏನೇನೂ ಸಾಲದು. ಆ ಅವಧಿ ಮೀರಿದ ಮೇಲೆ ತೆಗೆದ ಚಿತ್ರವೂ ಅಷ್ಟೇ ಸ್ಪಷ್ಟ, ಬೆಲೆಯೂ ಅಷ್ಟೇ. ಮೌಲ್ಯ ಮಾತ್ರ ಬಹಳಷ್ಟು ಕರಗಿಹೋಗಿರುತ್ತದೆ.

ನಾಲ್ಕನೆಯದು ಗರ್ಭಿಣಿಯರ ಆರೈಕೆ. ಇಪ್ಪತ್ತನಾಲ್ಕು ವಾರಗಳೊಳಗೆ ಒಂದು ಸ್ಕ್ಯಾನಿಂಗ್ ಮಾಡಿಸುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಸಲಹೆಯಿತ್ತಿತು. ದಿನ ತುಂಬುವ ಲೆಕ್ಕ, ಅವಳಿ ಗರ್ಭ, ಕೆಲವು ಅಂಗದೋಷಗಳು ಇದರಿಂದ ತಿಳಿದು ಹೆರಿಗೆಗೆ ಮೊದಲೇ ಸಿದ್ಧತೆ ಸಾಧ್ಯವಾಗುತ್ತದೆ. ಇದೇ ಯಂತ್ರವನ್ನು ಹೆಣ್ಣೋ ಗಂಡೋ ಎಂದು ತಿಳಿಯಲು ಬಳಸಿದರೆ ಅದು ಕೊಲೆಗಡುಕನ ಆಯುಧವಾಗುತ್ತದೆ. ೧೯೯೪ರಲ್ಲಿ ಅಂಗೀಕೃತವಾಗಿ, ೧೯೯೬ರಿಂದ ಜಾರಿಗೆ ಬಂದು, ೨೦೦೩ರಲ್ಲಿ ಬಿಗಿಗೊಂಡ ಕಾಯಿದೆಯು ಭ್ರೂಣಲಿಂಗ ಪತ್ತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಉಪಕರಣಕ್ಕೆ ತನ್ನದೇ ಆದ ಧರ್ಮವಿಲ್ಲ. ಬಳಸುವವನ ಧರ್ಮವೇ ಅದಕ್ಕೆ ಬರುತ್ತದೆ.

೫. ಹಣದ ಲೆಕ್ಕ ಮತ್ತು ಹಣಕ್ಕೆ ನಿಲುಕದ ಲೆಕ್ಕ

ರಸೀತಿಯಲ್ಲಿ ಬರೆದ ಮೊತ್ತ ಚಿತ್ರದ ಪೂರ್ಣ ವೆಚ್ಚವಲ್ಲ. ರೋಗಿಯೊಡನೆ ಹೋಗುವ ಇಬ್ಬರ ಬಸ್ಸಿನ ಹಣ, ನಿಂತುಹೋದ ಕೂಲಿ, ಪಟ್ಟಣದ ಊಟ, ವರದಿಗಾಗಿ ಮರುದಿನದ ಕಾಯುವಿಕೆ, ಇವನ್ನೆಲ್ಲ ಕೂಡಿಸಬೇಕು. ನಾಟಿಯ ಕಾಲದಲ್ಲಿ ಎರಡು ದಿನ ಕಳೆದುಕೊಂಡ ಕೂಲಿಯ ಹೆಣ್ಣುಮಗಳಿಗೆ ಉಚಿತ ಪರೀಕ್ಷೆಯೂ ಉಚಿತವಾಗಿರುವುದಿಲ್ಲ.

ಹಣಕ್ಕೆ ನಿಲುಕದ ಮೊದಲ ವೆಚ್ಚ ವಿಕಿರಣ. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ ೨.೪ ಮಿಲಿಸೀವರ್ಟಿನಷ್ಟು ವಿಕಿರಣ ತಾಗುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ತಾಗುವುದು ಹೆಚ್ಚೆಂದರೆ ಸುಮಾರು ೦.೧, ಹೊಟ್ಟೆಯ ಒಂದು ಸಿ.ಟಿ.ಯಿಂದ ಸುಮಾರು ೮. ಅಗತ್ಯವಿದ್ದಾಗ ಇದಕ್ಕೆ ಹೆದರಿ ಸಿ.ಟಿ.ಯನ್ನು ಬಿಡುವುದು ಮೌಢ್ಯ. ಅಗತ್ಯವಿಲ್ಲದೆ, ವಿಶೇಷವಾಗಿ ಮಕ್ಕಳಿಗೆ, ಮಾಡಿಸುವುದು ಅವಿವೇಕ.

ಎರಡನೆಯದು ಹುಸಿ ಭಯ. ಇದನ್ನು ಒಂದು ಊಹೆಯ ಲೆಕ್ಕದಿಂದ ಶಾಲೆಯ ಮಕ್ಕಳಿಗೂ ತಿಳಿಸಬಹುದು. ನೂರಕ್ಕೆ ತೊಂಬತ್ತರಷ್ಟು ನಿಖರವಾದ ಪರೀಕ್ಷೆಯೊಂದಿದೆ ಎಂದುಕೊಳ್ಳೋಣ. ಲಕ್ಷಣಗಳೇನೂ ಇಲ್ಲದ ೧,೦೦೦ ಜನರಲ್ಲಿ ನಿಜವಾಗಿ ರೋಗವಿರುವವರು ೧೦ ಮಂದಿ. ಅವರಲ್ಲಿ ೯ ಜನರಿಗೆ ರೋಗವಿದೆಯೆಂದು ಪರೀಕ್ಷೆ ಹೇಳುತ್ತದೆ. ಉಳಿದ ೯೯೦ ಮಂದಿ ನಿರೋಗಿಗಳಲ್ಲಿ ೯೯ ಜನರಿಗೂ ರೋಗವಿದೆಯೆಂದು ತಪ್ಪಾಗಿ ಹೇಳುತ್ತದೆ. ಒಟ್ಟು ೧೦೮ ಮಂದಿ ಹೆದರಿದರು. ಅವರಲ್ಲಿ ನಿಜದ ರೋಗಿಗಳು ೯. ವೈದ್ಯನು ವಿಚಾರಿಸಿ, ಮುಟ್ಟಿ ನೋಡಿ, ಸಂದೇಹವುಳ್ಳ ೧,೦೦೦ ಜನರನ್ನೇ ಕಳಿಸಿದ್ದಾನೆ, ಅವರಲ್ಲಿ ೩೦೦ ಮಂದಿಗೆ ರೋಗವಿದೆ ಎನ್ನೋಣ. ಆಗ ಸರಿಯಾಗಿ ಸಿಕ್ಕವರು ೨೭೦, ತಪ್ಪಾಗಿ ಹೆದರಿದವರು ೭೦. ಯಂತ್ರವೂ ಅದೇ, ನಿಖರತೆಯೂ ಅದೇ. ಫಲವನ್ನು ಬದಲಿಸಿದ್ದು ಪ್ರಶ್ನ ಮತ್ತು ಸ್ಪರ್ಶನ.

ಬೆನ್ನುನೋವಿನ ಎಂ.ಆರ್.ಐ. ಇದಕ್ಕೆ ತಕ್ಕ ದೃಷ್ಟಾಂತ. ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು ೨೦೧೫ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರ ಹರೆಯದವರಲ್ಲಿ ಶೇಕಡಾ ೩೭ರಷ್ಟು, ಎಂಬತ್ತರ ವೃದ್ಧರಲ್ಲಿ ಶೇಕಡಾ ೯೬ರಷ್ಟು ಮಂದಿಯ ಬೆನ್ನೆಲುಬಿನ ಬಿಲ್ಲೆಗಳು ಸವೆದಂತೆ ಕಂಡವು. ತಲೆಯಲ್ಲಿ ನರೆ ಕಾಣುವಂತೆ ಇದೂ ವಯಸ್ಸಿನ ಗುರುತು. ಕಾಲಿನ ಬಲ ಕುಗ್ಗುವುದು, ಮಲಮೂತ್ರದ ಹತೋಟಿ ತಪ್ಪುವುದು, ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದುದು, ದೊಡ್ಡ ಪೆಟ್ಟು, ಇಂತಹ ಅಪಾಯದ ಸೂಚನೆಗಳಿದ್ದರೆ ಚಿತ್ರವನ್ನು ತಡಮಾಡದೆ ಮಾಡಿಸಬೇಕು. ಇಲ್ಲದಿದ್ದರೆ ಬಹುಮಂದಿಯ ನೋವು ಕೆಲವು ವಾರಗಳಲ್ಲಿ ಇಳಿಯುತ್ತದೆ. ಸಾವಿರಾರು ರೂಪಾಯಿ ತೆತ್ತು ‘ಬಿಲ್ಲೆ ಸವೆದಿದೆ’ ಎಂಬ ವರದಿಯನ್ನು ತಂದವನು ನೋವಿನ ಜೊತೆಗೆ ಭಯವನ್ನೂ ಹೊತ್ತು ತರುತ್ತಾನೆ.

೬. ಯಂತ್ರದ ದಾನ ಮತ್ತು ಓದುವ ಕಣ್ಣು

ಆಸ್ಪತ್ರೆಗೆ ಯಂತ್ರವೊಂದನ್ನು ಕೊಡಿಸಿ ಪುಣ್ಯ ಕಟ್ಟಿಕೊಳ್ಳಬೇಕೆಂಬ ಸದ್ಬುದ್ಧಿ ಈ ಭಾಗದ ಉದಾರಿಗಳಿಗೆ ಸಹಜ. ದಾಸೋಹದ ಪರಂಪರೆಯಲ್ಲಿ ನೀಡುವವನ ದೃಷ್ಟಿ ಉಣ್ಣುವವನ ಹಸಿವಿನ ಮೇಲಿರುತ್ತದೆ. ಯಂತ್ರದಾನಕ್ಕೂ ಅದೇ ನೀತಿ ಸಲ್ಲಬೇಕು. ಕ್ಷಕಿರಣದ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಕಿರಣ ತಡೆಯುವ ಗೋಡೆಯ ಕೋಣೆ ಬೇಕು, ನೆಚ್ಚಬಹುದಾದ ವಿದ್ಯುತ್ತು ಬೇಕು, ವರ್ಷ ವರ್ಷದ ದುರಸ್ತಿಯ ಕರಾರು ಬೇಕು, ತರಬೇತಾದ ತಂತ್ರಜ್ಞನೂ ಚಿತ್ರವನ್ನು ಓದುವ ತಜ್ಞನೂ ಬೇಕು. ಇವುಗಳಲ್ಲಿ ಒಂದು ಕಳಚಿದರೂ ಯಂತ್ರವು ಹೊದಿಕೆ ಹೊದ್ದು ಮಲಗುತ್ತದೆ.

ಇಲ್ಲಿಯೂ ಒಂದು ಊಹೆಯ ಲೆಕ್ಕ ಹಾಕಬಹುದು. ಯಂತ್ರವೊಂದರ ಸವಕಳಿ, ಸಂಬಳ, ದುರಸ್ತಿ ಎಲ್ಲ ಸೇರಿ ವರ್ಷಕ್ಕೆ ೧೨ ಲಕ್ಷ ರೂಪಾಯಿ ತಗಲುತ್ತದೆ, ವರ್ಷಕ್ಕೆ ೩೦೦ ದಿನ ಕೆಲಸ ನಡೆಯುತ್ತದೆ ಎಂದು ಭಾವಿಸೋಣ. ದಿನಕ್ಕೆ ಇಬ್ಬರು ರೋಗಿಗಳಾದರೆ ಒಂದು ಚಿತ್ರಕ್ಕೆ ಬೀಳುವ ವೆಚ್ಚ ೨,೦೦೦ ರೂಪಾಯಿ. ಇಪ್ಪತ್ತು ಮಂದಿಯಾದರೆ ೨೦೦ ರೂಪಾಯಿ. ಆದುದರಿಂದ ರೋಗಿಗಳು ಹೆಚ್ಚು ಬರುವ ಕಡೆ ಯಂತ್ರವಿರುವುದು ಮಿತವ್ಯಯ. ಆದರೆ ಈ ಲೆಕ್ಕದಲ್ಲಿ ಒಂದು ಮುಳ್ಳಿದೆ. ಸಂಖ್ಯೆಯನ್ನು ಹೆಚ್ಚಿಸುವ ಸಲುವಾಗಿ ಅನಗತ್ಯವಾದ ಚಿತ್ರಗಳನ್ನು ಬರೆದುಕೊಡುವ, ಕಳಿಸಿದವರಿಗೆ ಕಮಿಷನ್ ಕೊಡುವ ದುಷ್ಟ ರೂಢಿ ಅಲ್ಲಿಂದಲೇ ಹುಟ್ಟುತ್ತದೆ. ಒಂದೊಂದು ಚಿತ್ರದ ವೆಚ್ಚ ಇಳಿದರೂ ಊರಿನ ಒಟ್ಟು ವೆಚ್ಚ ಏರುತ್ತದೆ, ರೋಗಿಗಳ ಹಿತ ಇದ್ದಲ್ಲೇ ಇರುತ್ತದೆ.

ಎಲ್ಲ ಯಂತ್ರಗಳೂ ಎಲ್ಲ ಊರುಗಳಲ್ಲಿ ಇರಬೇಕಾಗಿಲ್ಲ. ಎಕ್ಸ್-ರೇ ಮತ್ತು ಸ್ಕ್ಯಾನಿಂಗ್ ತಾಲೂಕಿನಲ್ಲಿಯೇ ಇರಬೇಕು. ಲಕ್ವ ಮತ್ತು ತಲೆಯ ಪೆಟ್ಟಿನ ಕಾರಣಕ್ಕೆ ಸಿ.ಟಿ. ಎರಡು ಗಂಟೆಯ ದಾರಿಯೊಳಗಿರಬೇಕು, ಎಂ.ಆರ್.ಐ. ಜಿಲ್ಲಾ ಕೇಂದ್ರದಲ್ಲಿದ್ದರೆ ಸಾಕು. ಓದುವ ತಜ್ಞನು ಯಂತ್ರದ ಪಕ್ಕದಲ್ಲಿಯೇ ಕುಳಿತಿರಬೇಕೆಂಬ ನಿರ್ಬಂಧ ಈಗ ಉಳಿದಿಲ್ಲ. ೨೦೧೫ರಲ್ಲಿ ರೂಪುಗೊಂಡ ರಾಷ್ಟ್ರೀಯ ಉಚಿತ ರೋಗಪರೀಕ್ಷಾ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳ ಸಿ.ಟಿ. ಸೇವೆಯೂ, ಚಿತ್ರವನ್ನು ದೂರಕ್ಕೆ ಕಳಿಸಿ ಓದಿಸಿಕೊಳ್ಳುವ ವ್ಯವಸ್ಥೆಯೂ ಸೇರಿವೆ. ರೋಗಿ ತೊಂಬತ್ತು ಕಿಲೋಮೀಟರು ಹೋಗುವ ಬದಲು ಚಿತ್ರವೇ ಹೋಗಿ ಬರಬಹುದು.

ಓದುವ ಕಣ್ಣಿನ ಮಹತ್ತ್ವಕ್ಕೆ ಮಸ್ಕಿಯ ಬೆಟ್ಟವೇ ಸಾಕ್ಷಿ. ಅಲ್ಲಿಯ ಬಂಡೆಯ ಮೇಲಣ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಮೀರಿ ಹಾಗೆಯೇ ಇದ್ದವು. ೧೯೧೫ರಲ್ಲಿ ಚಿನ್ನದ ಗಣಿಗಳ ಎಂಜಿನಿಯರಾದ ಸಿ. ಬೀಡನ್ ಅವನ್ನು ಗಮನಕ್ಕೆ ತಂದರು, ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜನು ಅಶೋಕನೇ ಎಂಬುದಕ್ಕೆ ಶಾಸನದ ಸಾಕ್ಷ್ಯ ಆಗ ದೊರೆಯಿತು. ಕಂಡವರು ಹಲವರು, ಓದಿದವನೊಬ್ಬ. ಚಿತ್ರವನ್ನು ತೆಗೆಯುವ ಯಂತ್ರಕ್ಕಿಂತ ಅದನ್ನು ಓದುವ ವಿದ್ಯೆಯೇ ಹಿರಿದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಆದುದರಿಂದ ದಾನಿಗಳು ಯಂತ್ರವನ್ನು ಕೊಡುವುದಕ್ಕೆ ಸಮನಾಗಿ, ಬಡ ವಿದ್ಯಾರ್ಥಿಯೊಬ್ಬನನ್ನು ಅಥವಾ ವಿದ್ಯಾರ್ಥಿನಿಯೊಬ್ಬಳನ್ನು ಚಿತ್ರಣ ತಂತ್ರಜ್ಞರ ಶಿಕ್ಷಣಕ್ಕೆ ಕಳಿಸುವುದನ್ನೂ, ದುರಸ್ತಿಗೊಂದು ನಿಧಿ ಇಡುವುದನ್ನೂ ದಾನವೆಂದೇ ಎಣಿಸಬೇಕು. ಹೆಸರು ಕೆತ್ತಿದ ಫಲಕ ಇದಕ್ಕೆ ದೊರೆಯದೆ ಹೋಗಬಹುದು. ಫಲ ಬಹುಕಾಲ ನಿಲ್ಲುತ್ತದೆ.

ಅಧ್ಯಾಪಕರ ಪಾಲಿಗೂ ಕರ್ತವ್ಯವಿದೆ. ಊರಿನಲ್ಲಿ ಶಿಕ್ಷಕನ ಮಾತನ್ನು ಇಂದಿಗೂ ಕೇಳುತ್ತಾರೆ. ವೈದ್ಯರು ಚಿತ್ರ ಬರೆದುಕೊಟ್ಟಾಗ ವಿನಯದಿಂದ ನಾಲ್ಕು ಪ್ರಶ್ನೆಗಳನ್ನು ಕೇಳಲು ಮಕ್ಕಳಿಗೂ ಅವರ ಮೂಲಕ ಮನೆಯವರಿಗೂ ಕಲಿಸಬಹುದು. ಇದರಿಂದ ಏನನ್ನು ತಿಳಿಯಬೇಕಾಗಿದೆ? ತಿಳಿದ ಮೇಲೆ ಚಿಕಿತ್ಸೆ ಬದಲಾಗುತ್ತದೆಯೇ? ಇದಕ್ಕಿಂತ ಚಿಕ್ಕ ಪರೀಕ್ಷೆಯಿಂದ ತಿಳಿಯಬಹುದೇ? ಕೆಲವು ದಿನ ಕಾದರೆ ಅಪಾಯವುಂಟೇ? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಹಳೆಯ ಫಿಲ್ಮು ಮತ್ತು ವರದಿಗಳನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಟ್ಟು, ಹೋದಾಗಲೆಲ್ಲ ಜೊತೆಗೆ ಒಯ್ಯುವ ಅಭ್ಯಾಸವನ್ನೂ ಬೆಳೆಸಬೇಕು. ಎಷ್ಟೋ ಮನೆಗಳ ಹಣ ಅಷ್ಟರಿಂದಲೇ ಉಳಿಯುತ್ತದೆ.

ಉಪಸಂಹಾರ

ಅಶೋಕನು ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನೂ, ಮೂಲಿಕೆಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಎಲ್ಲಿ ಯಾವುದು ಇಲ್ಲವೋ ಅಲ್ಲಿಗೆ ಅದನ್ನು ತಲುಪಿಸುವುದೇ ಆರೋಗ್ಯಧರ್ಮದ ಸಾರ. ಗಣಿಯ ಕಾರ್ಮಿಕನಿಗೆ ಎದೆಯ ಚಿತ್ರ, ಬಿಗಿದ ಬೆನ್ನಿನ ರೈತನಿಗೆ ಕೈಯ ಚಿತ್ರ, ಬಸುರಿಗೆ ಸಕಾಲದ ಒಂದು ಸ್ಕ್ಯಾನಿಂಗ್, ಲಕ್ವ ಹೊಡೆದವನಿಗೆ ನಾಲ್ಕೂವರೆ ಗಂಟೆಯೊಳಗಿನ ಸಿ.ಟಿ. ಇವು ಈ ನೆಲಕ್ಕೆ ಬೇಕಾದವು. ಇವುಗಳಲ್ಲಿ ಹೆಚ್ಚಿನವು ಅಗ್ಗದವೇ. ಅಗತ್ಯವುಳ್ಳವನಿಗೆ ದೊರೆಯದ ಚಿತ್ರ ಮತ್ತು ಅಗತ್ಯವಿಲ್ಲದವನಿಗೆ ಮಾಡಿದ ಚಿತ್ರ, ಎರಡೂ ಒಂದೇ ಬೊಕ್ಕಸದ ನಷ್ಟ. ಮೊದಲನೆಯದನ್ನು ಸರಕಾರವೂ ದಾನಿಗಳೂ ಕೂಡಿ ನೀಗಬಲ್ಲರು. ಎರಡನೆಯದನ್ನು ವೈದ್ಯರ ವಿವೇಕವೂ ಜನರ ತಿಳಿವಳಿಕೆಯೂ ಕೂಡಿ ತಡೆಯಬಲ್ಲವು. ಆ ತಿಳಿವಳಿಕೆಯ ಬಿತ್ತನೆ ಪಾಠಶಾಲೆಯಿಂದಲೇ ಆರಂಭವಾಗಲಿ.